ಝಡ್ ಆದಮೇಲಿನ ಇಬ್ಬರು

ಓಖ್ಲಾದ ಆ ಪ್ರೆಸ್ಸಿನ ಇಂಕಿನ ವಾಸನೆಗೇ ಸಂಯುಕ್ತಾ ಮೂಗು ಮುಚ್ಚಿಕೊಂಡಿದ್ದಳು. ಅದರ ಮೇಲೆ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ, ಸಂಘದ ಸದಸ್ಯನೂ ಆದ ಕಾರ್ತಿಕೇಯ ಕೈಗಿಟ್ಟ ಪ್ರೂಫ್ ಬೇರೆ. ಕನ್ನಡ ಸಂಘದ ಸದಸ್ಯರ ಇಂಗ್ಲಿಷ್ ಡೈರೆಕ್ಟರಿಯ ಕೆಲಸವನ್ನು ಸಂಘದವರು ಅವಳ ತಲೆಗೆ ಕಟ್ಟಿದ್ದರು. ಅದಕ್ಕಾಗಿ ಜನಕಪುರಿಯ ಮನೆಯಿಂದ ಅರ್ಧ ದೆಹಲಿ ದಾಟಿ ಬಂದದ್ದು ಇದು ಮೂರನೇ ಶನಿವಾರ.

ಕೊನೆಯ ಪುಟ ತಿರುಗಿಸಿದಳು. ಎಯಿಂದ ಝಡ್‌ವರೆಗೆ ನಾನೂರು ಹೆಸರು. ಆಮೇಲೆ, ಪಂಕ್ತಿ ಎದ್ದ ಮೇಲೆ ಬಂದ ನೆಂಟರ ಹಾಗೆ, ಇನ್ನೆರಡು: ಕಾರ್ತಿಕೇಯ, ಸಂಯುಕ್ತಾ.

“ಮತ್ತೆ ಹಾಗೇ ಇದೆಯಲ್ಲ. ನೋಡೋಕೆ ಅಸಹ್ಯ ಆಗುತ್ತೆ.”

“ಫಾರ್ಮಿನಲ್ಲಿ ನಾವಿಬ್ಬರೇ ಹೆಸರನ್ನ ಸ್ಮಾಲ್ ಲೆಟರ್ಸ್‌ನಲ್ಲಿ ಹಾಕಿದ್ದು. ಡೇಟಾಬೇಸ್ ಕ್ಯಾಪಿಟಲ್ ಎಲ್ಲ ಮುಗಿಸಿ ಆಮೇಲೆ ಸ್ಮಾಲ್ ತಗೊಳ್ಳುತ್ತೆ.”

“ಥೂ. ನಮ್ಮ ಕನ್ನಡದ ಅಕ್ಷರಕ್ಕೆ ಇಂಥ ಮೇಲು-ಕೀಳು ಇದೆಯಾ? ಸರಿ ಮಾಡೋಕೆ ನಿಜವಾಗಲೂ ಆಗಲ್ವಾ?”

ಎರಡು ವಾರದಿಂದ “ಆಗಲ್ಲ” ಎನ್ನುತ್ತಿದ್ದವನು ಇವತ್ತು ಕಣ್ಣು ತಪ್ಪಿಸಿದ. ಕಿವಿ ಕೆಂಪಾಯಿತು. ಆ ಕಿವಿ ಅವಳಿಗೆ ಇಷ್ಟ. ಇಷ್ಟ ಎನ್ನುವುದೇ ಈಗ ಅವಳನ್ನು ರೇಗಿಸಿತು.

“ಕೊಲೇಶನ್ ಅಂತ ಒಂದು ಸೆಟ್ಟಿಂಗ್ ಇದೆ” ಎಂದ. “ಯಾವ ಭಾಷೆಯ ಕ್ರಮ, ದೊಡ್ಡಕ್ಷರ ಚಿಕ್ಕಕ್ಷರ ಒಂದೇನಾ ಬೇರೇನಾ, ಎಲ್ಲ ಅದೇ ಹೇಳೋದು. ಒಂದು ನಿಮಿಷದ ಕೆಲಸ.”

“ಮತ್ತೆ?”

“ಬದಲಾಯಿಸಿದ್ರೆ ನಾನು ಕೆ ಹತ್ರ ಹೋಗ್ತೀನಿ, ನೀವು ಎಸ್ ಹತ್ರ. ನಡುವೆ ಹತ್ತೊಂಬತ್ತು ಪುಟ. ನೀವು ಇಲ್ಲಿಗೆ ಬರೋದೂ ನಿಂತುಹೋಗುತ್ತೆ.”

ಅವಳು ಪ್ರೂಫನ್ನು ದೂರ ತಳ್ಳಿದಳು. ಮೊದಲ ಶನಿವಾರದಿಂದ ಕೇಳಲು ಕಾದಿದ್ದ ಮಾತು ಹೀಗೆ ಸುಳ್ಳಿನ ಎಂಜಲು ಮೆತ್ತಿಕೊಂಡು ಬರಬೇಕೇ?

“ಸುಮ್ಮನೆ ಕರೆದಿದ್ರೆ ಬರ್ತಿದ್ದೆ” ಎಂದಳು. “ಸುಳ್ಳು ಹೇಳೋರ ಪಕ್ಕ ನನ್ನ ಹೆಸರು ಬೇಡ. ಸರಿ ಮಾಡಿ.”

ಅವನು ಸೆಟ್ಟಿಂಗ್ ಬದಲಿಸಿದ. ಎರಡು ಹೆಸರೂ ಕೊನೆಯ ಪುಟದಿಂದ ಎದ್ದು ತಮ್ಮ ತಮ್ಮ ಜಾಗ ಸೇರಿದವು. ಖಾಲಿಯಾದ ಆ ಪುಟದಿಂದ ಅವಳಿಗೆ ಕಣ್ಣು ಕೀಳಲಾಗಲಿಲ್ಲ.

“ತಪ್ಪಾಯ್ತು. ಇನ್ನು ನೀವು ಇಷ್ಟು ದೂರ ಬರಬೇಕಾಗಿಲ್ಲ” ಎಂದ, ಸ್ಕ್ರೀನಿನಿಂದ ತಲೆ ಎತ್ತದೆ.

ತಿದ್ದಿದ ಪ್ರೂಫಿಗೆ ಸಹಿ ಹಾಕಿ, ಬ್ಯಾಗ್ ಹೆಗಲಿಗೇರಿಸಿ, ಬಾಗಿಲ ತನಕ ಹೋಗಿ ನಿಂತಳು.

“ಒಂದೇ ಮನೆಯವರ ಹೆಸರು ಡೈರೆಕ್ಟರಿಯಲ್ಲಿ ಹೇಗೆ ಬರುತ್ತೆ?”

“ಒಂದೇ ಸಾಲಿನಲ್ಲಿ. ಯಾವ ಅಕ್ಷರ ಆದ್ರೂ.”

“ಅಚ್ಛಾ. ಹಾಗಾದ್ರೆ ಮುಂದಿನ ಶನಿವಾರ ಜನಕಪುರಿಗೆ ನೀವು ಬನ್ನಿ. ಅಪ್ಪನ ಹತ್ರ ನಿಜ ಹೇಳಿ.”