ಮಾತು ಬರೆದುಕೊಡದ ನಾಟಕ

"ಹೆಣ್ಣು ಹುಡುಗಿಗೆ ಸಾಲಿ ಯಾಕ? ಕೂಲಿ ಮಾಡಾಕ ಹುಟ್ಟೀದಿ, ಕೂಲಿ ಮಾಡು! ತಿರುಗಿ ಮಾತಾಡಿದ್ರ ಈ ಕೋಲು ನಿನ್ನ ಬೆನ್ನ ಮ್ಯಾಲ ಮುರೀತೈತಿ, ನೋಡು!"

ಒಂಬತ್ತನೆಯ ತರಗತಿಯ ಕೋಣೆಯಿಂದ ಬಂದ ಆ ಹೆಣ್ಣುದನಿ ಕೇಳಿ ಹುಲಿಗೇಶ ವರಾಂಡದಲ್ಲಿ ಗಕ್ಕನೆ ನಿಂತ.

ಕರ್ಜಗಿಯಿಂದ ವರ್ಗವಾಗಿ ಬ್ಯಾಡಗಿಯ ಈ ಹೈಸ್ಕೂಲಿಗೆ ಗಣಿತ ಶಿಕ್ಷಕನಾಗಿ ಬಂದ ಮೊದಲ ದಿನ ಅದು. ಹಾಜರಿಗೆ ಸಹಿ ಹಾಕಿ ಇನ್ನೂ ಚಹಾ ಕೂಡ ಕುಡಿದಿರಲಿಲ್ಲ. ಕಿಟಕಿಯಲ್ಲಿ ಇಣುಕಿದ. ನೆಲದ ಮೇಲೆ ಮುದುಡಿ ಕುಳಿತ ಹುಡುಗಿ... ಅವಳ ಮುಂದೆ ಕೋಲೆತ್ತಿ ನಿಂತ, ಹಸಿರು ಸೀರೆಯ ಶಿಕ್ಷಕಿ... ಉಸಿರು ಬಿಗಿಹಿಡಿದು ನೋಡುತ್ತಿರುವ ಇಡೀ ತರಗತಿ!

ಬಾಗಿಲು ದೂಡಿಕೊಂಡು ಒಳನುಗ್ಗಿದವನೇ ಆಕೆಯ ಕೈಯಿಂದ ಕೋಲು ಕಸಿದುಕೊಂಡ.

"ನಾಚಿಕಿ ಆಗೂದಿಲ್ಲೇನ್ರಿ ನಿಮಗ? ಕಲಿಸಾಕ ಬಂದೀರೋ, ಕೂಸಿನ ಜೀವಾ ತಿನ್ನಾಕ ಬಂದೀರೋ?"

ಆತನ ಕೂಗು ಮೈದಾನ ದಾಟಿ ಗೇಟಿನತನಕ ಕೇಳಿಸಿತು.

ಅಷ್ಟರಲ್ಲಿ ನೆಲದ ಮೇಲೆ ಮುದುಡಿ ಕುಳಿತಿದ್ದ ಹುಡುಗಿ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು.

"ಯಾರಪ್ಪಾ ನೀ? ಊರಿಗೆ ಹೊಸಬ ಕಾಣ್ತಿ. ನಮ್ಮ ಸಾವ್ಕಾರ್ತಿಗೆ ಎದುರು ನಿಂತೀಯಲ್ಲ, ಭಾಳ ಧೈರ್ಯ ಐತಿ ಬಿಡು!"

ಹಿಂದಿನ ಬೆಂಚಿನಿಂದ ಇನ್ನೊಂದು ದನಿ: "ಸರ್ರ, ನೀವು ಪೊಲೀಸರೋ, ಲೇಬರ್ ಇನ್ಸ್‌ಪೆಕ್ಟರೋ? ಮೊದಲ ಹೇಳ್ರಿ, ನಾವೂ ಹಂಗ ಮಾತಾಡ್ತೇವಿ!"

ತರಗತಿ ಘೊಳ್ಳೆಂದು ನಕ್ಕಿತು. ಹುಲಿಗೇಶ ಕರಿಹಲಗೆ ನೋಡಿದ. 'ಬಾಲ ಕಾರ್ಮಿಕ ಪದ್ಧತಿ' ಎಂದು ದುಂಡಗೆ ಬರೆದಿತ್ತು.

ನಗದೆ ಉಳಿದವಳು ಒಬ್ಬಳೇ... ಹಸಿರು ಸೀರೆಯ ದೀಪಾಲಿ.

ಆಕೆ ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಬಂದು ಸಮಾಜ ವಿಜ್ಞಾನ ಕಲಿಸುವ ಅತಿಥಿ ಶಿಕ್ಷಕಿ. ಪಾಠವನ್ನು ಓದಿಸುವ ಬದಲು ಆಡಿಸುತ್ತಿದ್ದಳು. ಯಾರು ಯಾರಾಗಬೇಕು, ಎಲ್ಲಿ ಏನು ನಡೆದಿದೆ ಎಂದಷ್ಟೇ ಹೇಳುವಳು. ಮಾತು ಬರೆದುಕೊಡುತ್ತಿರಲಿಲ್ಲ. ಆ ಹೊತ್ತಿಗೆ ಮನಸ್ಸಿಗೆ ಬಂದ ಮಾತನ್ನು ಮಕ್ಕಳೇ ಆಡಬೇಕು. ಎಲ್ಲರೂ ಒಲ್ಲೆನ್ನುವ ಕೆಟ್ಟ ಪಾತ್ರ ಮಾತ್ರ ಯಾವಾಗಲೂ ಟೀಚರದ್ದು.

"ಹೊರಗ ನಡೀರಿ," ಎಂದಳು ದೀಪಾಲಿ. ಬಾಗಿಲಿನತ್ತ ಕೈಮಾಡಿದಳು.

ವರಾಂಡದಲ್ಲಿ ಆತ ತಲೆತಗ್ಗಿಸಿ ಹೇಳಿದ, "ತಪ್ಪಾತ್ರಿ. ನಾ ಖರೇ ಅಂತ ತಿಳಕೊಂಡೆ."

"ಬಾಗಲಾ ಬಡೀಬಹುದಿತ್ತು!"

"ಬಡದು ನಿಂತಿದ್ರ, ಖರೇನ ಆಗಿದ್ರ, ಅಷ್ಟೊತ್ತಿಗೆ ಕೂಸಿಗೆ ಹೊಡತಾ ಬಿದ್ದಿರ್ತಿತ್ತು."

ಉತ್ತರ ಸರಿಯಾಗಿಯೇ ಇತ್ತು. ಅದಕ್ಕೇ ಅವಳ ಸಿಟ್ಟು ಇಮ್ಮಡಿಯಾಯಿತು. 'ನನ್ನ ಮುಖಾ ನೋಡಿ ಇಂವಗ ಹಂಗ ಅನಿಸಿತಲ್ಲ! ನಾನು ಕೂಸಿಗೆ ಹೊಡಿಯೋ ಹೆಂಗಸಿನ ಹಂಗ ಕಾಣ್ತೀನೇನು?'

*

ಮೂರನೆಯ ದಿನ ಹೆಡ್‌ಮಾಸ್ಟರ್ ಹಾಲಸಿದ್ದಪ್ಪನವರು ಅವಳನ್ನು ಕರೆಸಿದರು.

"ನೋಡ್ರಿ ದೀಪಾಲಿ ಟೀಚರ್, ಗುಡ್ಡವ್ವನ ತಾಯಿ ಬಂದು ಒದರ್ಯಾಡಿ ಹೋಗ್ಯಾಳ. ಶನಿವಾರ ಪಾಲಕರ ಸಭೆ ಇಟ್ಟೇನಿ. ಅಲ್ಲಿ ಮಂದಿ ಬ್ಯಾಡಂದ್ರ ನಿಮ್ಮ ನಾಟಕ ಬಂದ್. ಮುಂದಿನ ವರ್ಷಕ್ಕ ನಿಮ್ಮ ಹೆಸರು ಕಳಿಸೂದೂ ನನಗ ಕಠಿಣ ಆಗ್ತೈತಿ."

ಗುಡ್ಡವ್ವ ಎಂದರೆ ಅಂದು ಕೂಲಿ ಹುಡುಗಿಯಾಗಿದ್ದವಳು. ದೇವರಗುಡ್ಡದ ಮೈಲಾರನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳೆಂದು ಆ ಹೆಸರು. ಅವಳ ತಾಯಿ ಸುಶೀಲವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಪೇಟೆಯ ದಿನ ಬಂತೆಂದರೆ ಗುಡ್ಡವ್ವನೂ ತಾಯಿಯ ಜೊತೆ ಹೋಗುವಳು, ಅವತ್ತು ಅವಳ ಬೆಂಚು ಖಾಲಿ.

"ಯಾಕ್ರೀ ಸರ್, ನಾ ಏನ್ ಮಾಡೇನಿ?"

"ನೀವು ಕೂಸಿನ ಮ್ಯಾಲ ಕೋಲು ಎತ್ತಿದ್ದು ಊರಿಗೆಲ್ಲಾ ಗೊತ್ತಾಗೇತಿ. ಹುಲಿಗೇಶ ಸರ್ ಒದರಿದ್ದು ಗೇಟಿನತನಕಾ ಕೇಳೇತೆಲ್ಲ!"

ಹುಲಿಗೇಶ! ದೀಪಾಲಿಯ ಕಿವಿ ಬಿಸಿಯಾಯಿತು.

ಅದೇ ದಿನ ಆತ ಒಂಬತ್ತನೆಯ ತರಗತಿಯಲ್ಲಿ ಗಣಿತ ಶುರುಮಾಡುವ ಮೊದಲು, "ನಿಮ್ಮ ಟೀಚರ್ ಮ್ಯಾಲ ಒದರಿದ್ದು ನನ್ನ ತಪ್ಪು. ದೊಡ್ಡಾಂವ ಮಾಡಿದ್ರೂ ತಪ್ಪು ತಪ್ಪ," ಎಂದಿದ್ದ. ಮಕ್ಕಳು ಓಡಿಬಂದು ಹೇಳಿದಾಗ ಅವಳು ತುಟಿ ಕಚ್ಚಿಕೊಂಡಳು.

'ನನ್ನ ಹೊಟ್ಟಿ ಮ್ಯಾಲ ಹೊಡದು ಈಗ ಮಕ್ಕಳ ಮುಂದ ದೊಡ್ಡಸ್ತನ!'

*

ಶುಕ್ರವಾರ ಸಂಜೆ. ಬ್ಯಾಡಗಿಯ ಬಸ್ ಸ್ಟ್ಯಾಂಡು. ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ಹೊರಗಿನವರು ಸೀನುತ್ತಿದ್ದರು, ಊರಿನವರು ಆರಾಮವಾಗಿ ಮಿರ್ಚಿ ಭಜಿ ತಿನ್ನುತ್ತಿದ್ದರು.

ಹಾವೇರಿಯ ಬಸ್ಸಿಗೆ ಕಾಯುತ್ತಿದ್ದ ದೀಪಾಲಿಯ ಕಣ್ಣು ಚಹಾದಂಗಡಿಯ ಮುಂದೆ ನೆಟ್ಟಿತು. ಅಲ್ಲಿ ಸುಶೀಲವ್ವ... ಅವಳ ಎದುರು ಹುಲಿಗೇಶ! ಆತ ಕೈ ಬೀಸಿ ಬೀಸಿ ಏನನ್ನೋ ಹೇಳುತ್ತಿದ್ದ. ಆಕೆ ಗಲ್ಲಕ್ಕೆ ಕೈಹಚ್ಚಿ ಕೇಳುತ್ತಿದ್ದಳು. ಆತನ ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದವು.

'ಇನ್ನೂ ಆರಿಲ್ಲ ಇಂವನ ಸಿಟ್ಟು! ನಾಳಿನ ಸಭೆಗೆ ಆಕಿಗೆ ಕಿವಿ ಊದಲಿಕ್ಕೆ ನಿಂತಾನ!'

ಕೈಯಲ್ಲಿದ್ದ ಬುತ್ತಿಚೀಲವನ್ನು ಕಲ್ಲುಬೆಂಚಿನ ಮೇಲೆ ಕುಕ್ಕಿ ಹೊರಟೇಬಿಟ್ಟಳು. ಅವಳು ಬರುವಷ್ಟರಲ್ಲಿ ಸುಶೀಲವ್ವ ಸೆರಗು ಬಿಗಿದು ಮನೆಯ ದಾರಿ ಹಿಡಿದಿದ್ದಳು.

"ಸಾಕಾಗಲಿಲ್ಲೇನ್ರಿ ನಿಮಗ? ಒಂದು ಸಲ ಒದರಿ ನನ್ನ ಮಾನಾ ತಗದ್ರಿ. ಈಗ ಪಾಲಕರನ್ನ ಹುಡುಕ್ಯಾಡಿ ಚಾಡಿ ಹೇಳ್ಲಿಕ್ಹತ್ತೀರಿ?"

"ದೀಪಾಲಿ ಅವರ, ಒಂದ ನಿಮಿಷ ಕೇಳ್ರಿ..."

"ಏನೂ ಕೇಳೂದಿಲ್ಲ! ನೀವು ಪರ್ಮನೆಂಟ್ ಮಾಸ್ತರು, ನಾಳೆ ಇಲ್ಲದಿದ್ರ ನಾಡಿದ್ದು ನಿಮ್ಮೂರು ರಾಣೆಬೆನ್ನೂರಿಗೇ ವರ್ಗಾ ತಗೊಂಡು ಹೋಗ್ತೀರಿ. ನನಗ ಆ ಒಂದು ತರಗತಿ ಬಿಟ್ರ ಬ್ಯಾರೆ ಏನೂ ಇಲ್ಲ. ಅಲ್ಲಿ ಆ ಮಕ್ಕಳು ಬಾಯಿ ಬಿಡ್ತಾವ, ತಿಳೀತಾ? ವರ್ಷಗಟ್ಟಲೆ ಮಾತಾಡದ ಮಕ್ಕಳು!"

ಆತ ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅವಳು ಓಡಿಹೋಗಿ ಹತ್ತಿದಳು.

ಬಸ್ಸು ಅಲುಗಿದಾಗ ಕಿಟಕಿಯ ಹೊರಗೆ ಯಾರೋ ಓಡಿಬರುವುದು ಕಾಣಿಸಿತು. ಹುಲಿಗೇಶ... ಅವಳು ಬೆಂಚಿನ ಮೇಲೆ ಮರೆತ ಬುತ್ತಿಚೀಲವನ್ನು ಅವಳ ಕೈಗಿತ್ತು ಹಿಂದೆ ಸರಿದ. ಥ್ಯಾಂಕ್ಸ್ ಹೇಳಬೇಕಾಯಿತಲ್ಲ ಎಂದು ಅವಳಿಗೆ ಅದಕ್ಕೂ ಸಿಟ್ಟು ಬಂತು. ಹೇಳಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ತಾಯಿ ಭಾಗೀರಥೀಬಾಯಿ ಕೇಳಿದರು, "ಯಾಕ ತಂಗಿ, ರೊಟ್ಟಿ ಹಂಗ ಹರೀಲಿಕ್ಹತ್ತೀ? ರೊಟ್ಟಿ ಏನ್ ಮಾಡ್ಯದ ನಿನಗ?"

"ಸಿಟ್ಟು ಬಂದದವ್ವಾ. ಒಬ್ಬ ಗಣಿತದ ಮಾಸ್ತರ ಮ್ಯಾಲ."

"ಹೂಂ. ದಿನಾ ಮಕ್ಕಳ ಸುದ್ದಿ ಹೇಳ್ತಿದ್ದಿ. ಈ ವಾರದಾಗ ಬರೇ ಆ ಮಾಸ್ತರಂದ ಸುದ್ದಿ ನಡದದ," ಎಂದು ಅವರು ಮೆಲ್ಲಗೆ ಬದನೆಕಾಯಿ ಪಲ್ಯ ಬಡಿಸಿದರು.

"ಅವ್ವಾ!"

*

ಶನಿವಾರ ಒಂಬತ್ತನೆಯ ತರಗತಿಯಲ್ಲೇ ಸಭೆ. ಬೆಂಚುಗಳಲ್ಲಿ ಪಾಲಕರು, ಗೋಡೆಗೆ ಆತು ಮಕ್ಕಳು. ಸುಶೀಲವ್ವ ಕೂರಲೇ ಇಲ್ಲ.

"ಈ ಟೀಚರ್ ಬೈದ್ರು, ಕೋಲು ತೋರಿಸಿದ್ರು ಅಂತ ನಾ ಬಂದಿಲ್ರಿ. ಅದು ಆಟ ಅಂತ ನನಗೂ ತಿಳಿದೈತಿ. ನನ್ನ ಸಿಟ್ಟು ಬ್ಯಾರೆ ಐತಿ! ಇಲ್ಲಿ ಎದುರು ಮಾತು ಕಲತು ನನ್ನ ಮಗಳು ಮನಿಗೆ ಬಂದು, 'ನಾ ಇನ್ನ ಕೂಲಿಗೆ ಬರಾಂಗಿಲ್ಲ, ನೀ ಸಾವ್ಕಾರ್ತಿ ಹಂಗ ಮಾಡಬ್ಯಾಡ' ಅಂತಾಳ! ನಾ... ನಾನು ಸಾವ್ಕಾರ್ತಿ? ಹೆತ್ತಾಕಿಗೆ ಹಂಗ ಅನ್ನೂದು ಕಲಿಸ್ತಾರೇನ್ರಿ ಸಾಲ್ಯಾಗ?"

ದೀಪಾಲಿ ಗುಡ್ಡವ್ವನತ್ತ ತಿರುಗಿದಳು. ಹಾಗಾದರೆ ಇದು ಹುಲಿಗೇಶನ ಕೂಗಿನಿಂದ ಬಂದದ್ದಲ್ಲ... ತನ್ನ ಪಾಠದಿಂದಲೇ ಬಂದದ್ದು!

ಹಾಲಸಿದ್ದಪ್ಪನವರು ಗಂಟಲು ಸರಿಮಾಡಿಕೊಂಡರು. "ಹಂಗಾದ್ರ ಈ ನಾಟಕ..."

"ಸರ್ರ, ಒಂದ ನಿಮಿಷ." ಹಿಂದಿನಿಂದ ಹುಲಿಗೇಶ ಎದ್ದ. "ಬಂದ್ ಮಾಡೂದಕ್ಕಿಂತ ಮೊದಲ ಒಮ್ಮೆ ನೋಡೂಣು. ಸುಶೀಲವ್ವಾರ ಮನ್ಯಾಗ ನಡದದ್ದನ್ನ ಇಲ್ಲೇ ಆಡೂಣು. ಗುಡ್ಡವ್ವ ಅವ್ವ ಆಗ್ಲಿ. ಮಗಳು... ನಾ ಆಗ್ತೇನಿ."

ಮಕ್ಕಳು ಕಿಸಕ್ಕೆಂದರು. ಯಾರದೋ ಓಢಣಿ ತಲೆಯ ಮೇಲೆ ಹೊದ್ದು ಆತ ನೆಲದ ಮೇಲೆ ಕುಳಿತ. ಆರಡಿಯ ಮೀಸೆಯ ಮಗಳು!

"ಅವ್ವಾ... ನಾ ಕೂಲಿಗೆ ಬರಾಂಗಿಲ್ಲ... ರೀ."

"ಅವ್ವಗ 'ರೀ' ಅಂತಾರೇನ್ರಿ ಸರ್ರ!" ಗೋಡೆಯ ಬದಿಯ ಮಕ್ಕಳಿಂದ ಒಂದು ದನಿ.

"ಸಾಲಿಗೆ... ಹೋಗಬೇಕಂತ... ನಿರ್ಧರಿಸಿರುತ್ತೇನೆ."

ಪಾಲಕರೂ ನಕ್ಕರು. ಸುಶೀಲವ್ವನ ತುಟಿಯೂ ಅಲುಗಿತು. ಇಷ್ಟು ಕೆಟ್ಟ ನಟನನ್ನು ದೀಪಾಲಿ ಎಂದೂ ಕಂಡಿರಲಿಲ್ಲ.

ಗುಡ್ಡವ್ವ ಮಾತ್ರ ನಗಲಿಲ್ಲ. ಸೊಂಟ ಹಿಡಿದುಕೊಂಡು, ಬೆನ್ನು ಬಾಗಿಸಿ, ಬಾಗಿಲಿನಿಂದ ನಿಧಾನವಾಗಿ ನಡೆದುಬಂದಳು. ಥೇಟ್ ತಾಯಿಯದೇ ನಡಿಗೆ.

"ಬರಾಂಗಿಲ್ಲೇನು? ಬರಬ್ಯಾಡ. ನಾ ಒಬ್ಬಾಕಿನ ಹೋಗ್ತೇನಿ. ಒಬ್ಬಾಕಿ ಬಿಡಸೂದ್ರಾಗ ಹೊತ್ತು ಮುಳಗತೈತಿ, ಮುಳಗಲಿ. ನಾನೂ ನಿನ್ನಷ್ಟಿದ್ದಾಗ ಸಾಲಿಗೆ ಹೋಗ್ತೇನಿ ಅಂತ ಅತ್ತಿದ್ದೆ. ನಮ್ಮವ್ವಗೂ ಇಷ್ಟ ಬ್ಯಾಸರಾಗಿತ್ತೋ ಏನೋ..."

ಹಾಗೆನ್ನುತ್ತ ಹುಲಿಗೇಶನ ಪಕ್ಕ ಕುಳಿತು ಅವನ ತಲೆ ಸವರಿದಳು. ಆದರೆ ಅಂಗೈಯಿಂದಲ್ಲ. ಎರಡೂ ಕೈಗಳ ಬೆರಳನ್ನು ದೂರ ಹಿಡಿದು, ಮೊಣಕೈಯಿಂದ.

ಸುಶೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಅಲ್ಲಿದ್ದ ಹೆಂಗಸರಿಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ. ದಿನವಿಡೀ ಮೆಣಸಿನಕಾಯಿ ಮುಟ್ಟಿದ ಕೈಯಿಂದ ಮಕ್ಕಳ ಮುಖ ಸವರಿದರೆ ಉರಿಯುತ್ತದೆ. ಅದಕ್ಕೆ ಆ ತಾಯಂದಿರು ಮೊಣಕೈಯಿಂದಲೇ ಮುದ್ದು ಮಾಡುತ್ತಾರೆ.

'ಈ ಹುಡುಗಿ ಎದುರು ಮಾತಷ್ಟ ಕಲತಿಲ್ಲ... ತಾಯಿನ್ನೂ ನೋಡ್ಯಾಳ,' ಎಂದುಕೊಂಡ ದೀಪಾಲಿಯ ಕಣ್ಣು ಮಂಜಾಯಿತು.

ಸುಶೀಲವ್ವ ತಡೆಯಲಾರದೆ ಮುಂದೆ ಬಂದಳು. ಓಢಣಿ ಹೊದ್ದ ಹುಲಿಗೇಶನಿಗೇ ಹೇಳಿದಳು, ಕಣ್ಣು ಮಾತ್ರ ಮಗಳ ಮೇಲೆ.

"ಹುಚ್ಚವ್ವಾ, ನಿನ್ನ ಸಾಲಿ ಬಿಡಿಸಿದ್ರ ನನಗ ಸಂತೋಷ ಆಗ್ತೈತಂತ ಮಾಡೀಯೇನು? ಪೇಟೆ ದಿನಾನೂ ಸಾಲಿಗೇ ಹೋಗು. ಆದ್ರ ಮನಿಗೆ ಬಂದು ನನಗ ಸಾವ್ಕಾರ್ತಿ ಅನಬ್ಯಾಡ... ನನ್ನಷ್ಟ ಹೊಟ್ಟಿ ಉರಿಸಿಕೊಂಡಾಕಿ ಆಗಿರೂದಿಲ್ಲ ಆ ಸಾವ್ಕಾರ್ತಿ."

ಗುಡ್ಡವ್ವ ಪಾತ್ರ ಗೀತ್ರ ಮರೆತು ತಾಯಿಯ ಸೊಂಟ ತಬ್ಬಿಕೊಂಡಳು.

ಹಾಲಸಿದ್ದಪ್ಪನವರು ಕನ್ನಡಕ ಒರೆಸಿಕೊಂಡರು. "ಟೀಚರ್, ನಾಟಕ ನಡೀಲಿ. ಕಿಟಕಿ ಹಾಕ್ಕೋರಿ, ಅಷ್ಟ. ಹತ್ತನೇ ಕ್ಲಾಸಿಗೆ ತ್ರಾಸ್ ಆಗಬಾರದು."

ಮಂದಿ ಎದ್ದರು. ಸುಶೀಲವ್ವ ದೀಪಾಲಿಯ ಬಳಿ ನಿಂತಳು.

"ನಾ ಇವತ್ತ ಬರಾಕಿ ಆಗಿರಲಿಲ್ರಿ. ಬರಾಂಗಿಲ್ಲ, ಹೆಡ್‌ಮಾಸ್ಟರ್ ಏನರ ಮಾಡ್ಕೊಳ್ಳಿ ಅಂದಿದ್ದೆ. ಈ ಸರ್ ನಿನ್ನೆ ನಾವು ಕೂಲಿ ಮಾಡೋ ಜಾಗಾಕ್ಕ ಬಂದ್ರು. ಕೆಲಸ ಬಿಟ್ಟು ಮಾತಾಡಂಗಿಲ್ಲ ಅಂದ್ರ, ತಾವೂ ಕುಂತು ತೊಟ್ಟು ಬಿಡಿಸಾಕ ಹತ್ತಿದ್ರು. ತಿಳೀದಂಗ ಅದ ಕೈಲೆ ಕಣ್ಣು ತಿಕ್ಕೊಂಡು ಕುಣದಾಡಿಬಿಟ್ರು ನೋಡ್ರಿ! ನಕ್ಕು ನಕ್ಕು ನಮಗ ಸಾಕಾತು. 'ಟೀಚರ್ ಕೆಟ್ಟವರಲ್ಲ, ಒಮ್ಮೆ ಬಂದು ಕಣ್ಣಾರೆ ನೋಡ್ರಿ' ಅಂತ ಬಸ್ ಸ್ಟ್ಯಾಂಡಿನತನಕಾ ಬೆನ್ನು ಹತ್ತಿ ಬಂದ್ರು."

ದೀಪಾಲಿ ಹುಲಿಗೇಶನತ್ತ ತಿರುಗಿದಳು. ಆ ಕೆಂಪು ಕಣ್ಣುಗಳು... ಸಿಟ್ಟಿನವಲ್ಲ!

*

ಎಲ್ಲರೂ ಹೋದ ಮೇಲೆ ಹುಲಿಗೇಶ ಒಬ್ಬನೇ ಬೆಂಚುಗಳನ್ನು ಸಾಲಾಗಿ ಜೋಡಿಸುತ್ತಿದ್ದ.

ಅವಳು ಬಾಗಿಲಲ್ಲಿ ನಿಂತಳು. ಕ್ಷಮೆ ಕೇಳಬೇಕೆಂದೇ ಬಂದವಳು. ಬಾಯಿಂದ ಹೊರಟದ್ದು ಬೇರೆ.

"ಮೊದಲ ಯಾಕ ಹೇಳಲಿಲ್ರಿ?"

"ನೀವು ಹೇಳಗೊಡಲಿಲ್ಲ."

"ಇನ್ನೂ ಜೋರಾಗಿ ಹೇಳಬೇಕಿತ್ತು!"

"ಜೋರಾಗಿ ಒದರಿ ಒಮ್ಮೆ ಹಾಳು ಮಾಡೇನಲ್ರಿ. ಎರಡನೇ ಸಲ ಧೈರ್ಯ ಆಗಲಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬೆಂಚಿನ ಇನ್ನೊಂದು ತುದಿ ಹಿಡಿದಳು.

"ನಂದೂ ತಪ್ಪಾತು. ಮಂದಿ ನಡುವ ನಿಲ್ಲಿಸಿ ಬಾಯಿಗೆ ಬಂದಂಗ ಅಂದೆ... ಆದ್ರ ನನಗ ನಿಮ್ಮ ಮ್ಯಾಲ ಇನ್ನೂ ಸಿಟ್ಟದ."

"ಇರ್ಲಿ. ಎಷ್ಟು ದಿನಾ ಇರ್ತೈತ್ರಿ?"

"ಗೊತ್ತಿಲ್ಲ. ನಮ್ಮ ಮನಿ ಮಂದಿ ಸಿಟ್ಟು ಲಗೂ ಇಳಿಯೂದಿಲ್ಲ."

ಹುಲಿಗೇಶ ಬೆಂಚನ್ನು ಕೆಳಗಿಟ್ಟ. ಕಿವಿ ಕೆಂಪಾಗಿತ್ತು.

"ಹಂಗಾದ್ರ ಇಳಿಯೂತನಕಾ ನಿಮ್ಮ ಸಂಗಾತ ಇರ್ತೇನಿ, ದೀಪಾಲಿ. ಇಳಿದ ಮ್ಯಾಲೂ... ನೀವು ಹೂಂ ಅಂದ್ರ."

ಹೊರಗೆ ಮೈದಾನದಲ್ಲಿ ಯಾರೂ ಇರಲಿಲ್ಲ. ಅವಳು ಆತನ ಮುಖವನ್ನೇ ದಿಟ್ಟಿಸಿದಳು.

"ಇದು... ಖರೇ ಹೇಳ್ಲಿಕ್ಹತ್ತೀರೋ, ನಾಟಕ ಮಾಡ್ಲಿಕ್ಹತ್ತೀರೋ?"

"ನನ್ನ ನಾಟಕ ಈಗಷ್ಟ ನೋಡಿದ್ರಲ್ಲ. ಅಂಥಾದ್ದು ಮಾಡಿದಾಂವಗ ಸುಳ್ಳು ಹೇಳಾಕ ಬರ್ತೈತಂತೀರೇನು?"

ದೀಪಾಲಿ ಜೋರಾಗಿ ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಬರೂದಿಲ್ಲ," ಎಂದಳು. ಆಮೇಲೆ ತೀರ ಮೆಲ್ಲಗೆ, "ಹೂಂ."