ಠಣ್ ಎಂದರೆ ಚಹಾ

ಪೆಟ್ಟಿಗೆ ಠಣ್ ಎಂದಿತು. ಮೋಡ ಇನ್ನೂ ದೂರದಲ್ಲಿತ್ತು.

ಚಾಲಕನಿಲ್ಲದ ರೈಲುಗಳಿಗೆ ದಾರಿ ಹೇಳುವ ಸಿಗ್ನಲ್ ಕೇಬಲ್ ಗದಗಿನಾಚೆಯ ಬಟಾಬಯಲಿನಲ್ಲಿ ಹಾದುಹೋಗುತ್ತಿತ್ತು. ಸಿಡಿಲಿಗೆ ಅದೆಂದರೆ ಬಲು ಪ್ರೀತಿ. ಅದಕ್ಕೇ ಡಾ. ಅನಸೂಯಾ ಹಂಪಿಹೊಳಿ ‘ಮಿಂಚುಮುನ್ನರಿ’ ಎಂಬ ಈ ಪೆಟ್ಟಿಗೆಯನ್ನು ಕಟ್ಟಿದ್ದರು. ಸಿಡಿಲು ಹೊಡೆಯುವ ಮುನ್ನ ನೆಲದ ಮೇಲೆ ವಿದ್ಯುತ್ ಕ್ಷೇತ್ರ ಏರುತ್ತದೆ. ಇದು ಅದನ್ನು ಗ್ರಹಿಸಿ, ಕೇಬಲನ್ನು ಯಂತ್ರಗಳಿಂದ ಬಿಡಿಸಿ ಭೂಮಿಗೆ ಜೋಡಿಸುತ್ತದೆ. ಅಷ್ಟು ಹೊತ್ತು ರೈಲುಗಳು ನಿಸ್ತಂತು ಸಂದೇಶದಿಂದ ಓಡುತ್ತವೆ. ಬಿಡಿಸುವ ಸ್ವಿಚ್ಚು ಮಾತ್ರ ಭಾರವಾದದ್ದು, ಕಬ್ಬಿಣದ ತಟ್ಟೆಯ ಮೇಲೆ ಬಿದ್ದು ಸದ್ದು ಮಾಡುತ್ತಿತ್ತು. ಆ ಸದ್ದಿಗೆ ಅನಸೂಯಾ ತಲೆ ಕೆಡಿಸಿಕೊಂಡಿರಲಿಲ್ಲ.

ತಲೆ ಕೆಟ್ಟದ್ದು ಪಕ್ಕದ ಈರುಳ್ಳಿ ಹೊಲದ ಚನ್ನವೀರಗೌಡರಿಗೆ. ದೂರು ಕೊಟ್ಟು ಅನಸೂಯಾರನ್ನು ಅಲ್ಲಿಗೇ ಕರೆಸಿದ್ದರು.

“ನೋಡ್ರಿ ಮೇಡಂ, ನಿಮ್ಮ ಪೆಟಗಿ ಠಣ್ ಅಂದ್ರ ಸಾಕು, ಉಳ್ಳಾಗಡ್ಡಿ ಕೀಳೋ ಹೆಣ್ಣಾಳೆಲ್ಲ ಎದ್ದು ಚಹಾಕ್ಕ ನಡೀತಾರ. ಅದರ ಬಾಯಿ ಮುಚ್ಚಿಸ್ರಿ.”

ಹೆಂಗಸರು ಆಗಲೇ ಹಳಿಯ ಬದಿಯಲ್ಲಿ, ಹಿಂದೆ ಹಳಿ ದುರಸ್ತಿಯವರಿಗೆಂದು ಕಟ್ಟಿದ್ದ ಗ್ಯಾಂಗ್‌ಮನ್ ಕೋಣೆ ಸೇರಿದ್ದರು. ಪೆಟ್ಟಿಗೆ ಇದ್ದದ್ದೂ ಅದರ ಗೋಡೆಗೇ. ಅವರಲ್ಲಿ ಹಿರಿಯಳಾದ ಫಕೀರವ್ವ ಒಲೆ ಹೂಡುತ್ತಾ, ಒಳಬಂದ ಅನಸೂಯಾರಿಗೆ ಹೇಳಿದಳು:

“ನಮ್ಮವ್ವನ ಕಾಲದಾಗ ಗ್ಯಾಂಗಿನವರು ಹಳಿ ತುಂಡು ಬಾರಿಸಿದ್ರ ಹೊಲದವರಿಗೂ ಚಹಾದ ಹೊತ್ರಿ ಬಾಯಾರ. ಮತ್ತ ಸುರು ಮಾಡ್ಯಾರಂತ ತಿಳಕೊಂಡ್ವಿ. ಮೊದಲ ಆ ಬೇವಿನ ಗಿಡದ ಬುಡಕ್ಕ ಕುಂದರ್ತಿದ್ವಿ, ಈಗ ಇಲ್ಲೇ.”

ಅನಸೂಯಾ ನಕ್ಕುಬಿಟ್ಟರು. “ಅವ್ವಾ, ಇದು ಚಹಾದ ಗಂಟಿ ಅಲ್ಲ. ಕೇಬಲ್ ಸುಡಬಾರದಂತ ಅದಕ್ಕ ಬಿಡುವು ಕೊಡೋ ಯಂತ್ರ.”

“ಕೇಬಲ್ಲಿಗೆ ಬಿಡುವು ಐತಿ, ನಮಗಿಲ್ಲೇನ್ರಿ?”

ಅನಸೂಯಾ ಚೀಲದಿಂದ ರಬ್ಬರ್ ಬಿಲ್ಲೆ ತೆಗೆದರು. ತಟ್ಟೆಗೆ ಅಂಟಿಸಿದರೆ ಸದ್ದು ಅಡಗುತ್ತಿತ್ತು. ಗೌಡರು ಹೊಸ್ತಿಲು ದಾಟಿ ಒಳಬಂದು, ಒಬ್ಬೊಬ್ಬರ ಹೆಸರು ಹಿಡಿದು ಬೈಯತೊಡಗಿದರು.

ಅಷ್ಟರಲ್ಲಿ ಕಣ್ಣು ಕುಕ್ಕುವ ಬೆಳಕು, ನೆಲ ನಡುಗುವ ಸದ್ದು. ಹೊರಗೆ ನೋಡಿದರೆ ಬೇವಿನ ಮರ ಸೀಳಿ ಎರಡಾಗಿತ್ತು. ಹೊಲ ಖಾಲಿಯಿತ್ತು.

ಇಷ್ಟು ವರ್ಷ ಕೇಬಲ್ಲು, ಯಂತ್ರ ಅಂತಲೇ ಯೋಚಿಸಿದೆನಲ್ಲ, ಅದೇ ಬಯಲಲ್ಲಿ ಬಾಗಿ ದುಡಿಯುವವರು ಒಮ್ಮೆಯೂ ನೆನಪಾಗಲಿಲ್ಲವಲ್ಲ ಎಂದು ಅನಸೂಯಾರಿಗೆ ನಾಚಿಕೆಯಾಯಿತು. ರಬ್ಬರ್ ಬಿಲ್ಲೆಯನ್ನು ಒಲೆಯ ಬೂದಿಗೆ ಎಸೆದರು.

ಗೌಡರು ಮೆಲ್ಲಗೆ ನೆಲದ ಮೇಲೆ ಕುಳಿತರು. “ಫಕೀರವ್ವಾ, ನನಗೂ ಒಂದೀಟು ಚಹಾ ಐತೇನು?”

ಮುಂದಿನ ಹಿಂಗಾರಿಗೆ ಆ ಹಳಿಯುದ್ದಕ್ಕೂ ಪ್ರತಿ ಪೆಟ್ಟಿಗೆಗೂ ದೊಡ್ಡ ಗಂಟೆ ಬಂತು. ಚಹಾಪುಡಿ, ಬೆಲ್ಲ ಗೌಡರ ಮನೆಯಿಂದಲೇ ಬರುತ್ತಿತ್ತು. ಗಂಟೆ ಯಾಕೆ ಮೊಳಗುತ್ತದೆ ಎಂದು ಎಲ್ಲರಿಗೂ ತಿಳಿಸಲಾಗಿತ್ತು. ಆದರೂ ಫಕೀರವ್ವ ಮಾತ್ರ ಅದನ್ನು ಚಹಾದ ಗಂಟೆ ಎಂದೇ ಕರೆಯುತ್ತಿದ್ದಳು, ಅನಸೂಯಾ ತಿದ್ದಲು ಹೋಗಲಿಲ್ಲ.