ಬೋರ್ಡಿನ ಮೇಲಿದ್ದ ಫ್ಯೂಸ್

೨೦೧೮ನೆಯ ಇಸವಿ, ಮಾರ್ಚ್ ಹದಿನಾಲ್ಕು, ಬುಧವಾರ. ನಾಲ್ಕು ಮತ್ತು ಐದನೆಯ ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನೊಳಗೆ ಅವಳು ನಲವತ್ತೊಂದು ನಿಮಿಷ ಸಿಕ್ಕಿಬಿದ್ದಿದ್ದಳು. ಮೊದಲ ಹತ್ತು ನಿಮಿಷ ಗುಂಡಿಗಳನ್ನು ಒತ್ತಿದಳು. ಮುಂದಿನ ಇಪ್ಪತ್ತು ನಿಮಿಷ ಚಪ್ಪಲಿಯಿಂದ ಬಾಗಿಲು ಬಡಿದಳು. ಉಳಿದ ಹನ್ನೊಂದು ನಿಮಿಷ ಬರಿಗೈಯಿಂದ ಬಡಿದಳು. ಬೆರಳಿನ ಗಿಣ್ಣುಗಳಲ್ಲಿ ರಕ್ತ ಒಸರಿತು.

ಕೊನೆಗೆ ಮೇಲಿನ ಬಾಗಿಲು ಕರಕರನೆ ತೆರೆದು, ನೆಲದ ಮೇಲೆ ಬೋರಲಾಗಿ ಮಲಗಿದ್ದ ಗಂಡಸೊಬ್ಬನ ಮುಖ ಅವಳ ಮುಖದ ಎದುರಿಗೆ ಬಂತು. ಅವಳು ಹಿಂದೆಮುಂದೆ ನೋಡದೆ ಅದಕ್ಕೆ ಬಾರಿಸಿದಳು.

ಆ ಲಿಫ್ಟ್ ಮೆಕ್ಯಾನಿಕ್ ಕೆನ್ನೆಯನ್ನು ಮುಟ್ಟಿ ಕೂಡ ನೋಡಿಕೊಳ್ಳಲಿಲ್ಲ. ಅವಳು ಹತ್ತಿ ಬರಲೆಂದು ಒಂದು ಸ್ಟೂಲನ್ನು ಒಳಗಿಳಿಸಿದ. ಅಂಗಿಯ ಜೇಬಿನಿಂದ ಬಿಳಿಯ ಪಿಂಗಾಣಿ ಫ್ಯೂಸೊಂದನ್ನು ತೆಗೆದು ತೋರಿಸಿದ.

“ಇದು ನನ್ನ ಜೇಬಲ್ಲಿರೋವರೆಗೂ ಈ ಪೆಟ್ಟಿಗೆ ಕೂದಲೆಳೆಯಷ್ಟೂ ಅಲುಗಲ್ಲ. ಹೆದರಬೇಡಿ, ಬನ್ನಿ.”

ಅವನ ಕಸುಬಿನಲ್ಲಿ ಅದೊಂದು ಕಟ್ಟಳೆ. ಯಂತ್ರಕ್ಕೆ ಕೈಹಾಕುವವನೇ ಫ್ಯೂಸ್ ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಕೆಲಸ ಮುಗಿಸಿ ಹೊರಬಂದ ಮೇಲೆ ಅವನ ಕೈಯೇ ಅದನ್ನು ಮರಳಿ ಸಿಕ್ಕಿಸಬೇಕು. ನಡುವೆ ಸಾಕ್ಷಾತ್ ಮಾಲೀಕನೇ ಬಂದು ಕೇಳಿದರೂ ಕೊಡುವಂತಿಲ್ಲ.

ತಾನು ಹೊರಬರುವವರೆಗೆ ತನ್ನ ಪ್ರಾಣ ಈ ಮನುಷ್ಯನ ಜೇಬಿನಲ್ಲಿ ಭದ್ರವಾಗಿತ್ತು ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ಹೊಡೆದದ್ದಕ್ಕೆ ಕ್ಷಮೆ ಕೇಳಲು ಮರುದಿನ ಹೋದಳು. ಕ್ಷಮೆ ಒಂದೇ ದಿನದಲ್ಲಿ ಮುಗಿಯಲಿಲ್ಲ. ಏಳು ತಿಂಗಳು ಹಿಡಿಯಿತು. ಎಂಟನೆಯ ತಿಂಗಳಲ್ಲಿ ಮದುವೆಯಾದರು.

ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಎಂಬತ್ತು ಪದರ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಎಡಗೈಗೆ ಉಕ್ಕಿನ ಬಲೆಯ ಗವಸು ತೊಟ್ಟು, ಬಲಗೈಯಿಂದ ಕರೆಂಟಿನ ಕತ್ತಿಯನ್ನು ಸೀಮೆಸುಣ್ಣದ ಗೆರೆಯ ಮೇಲೆ ನಡೆಸುವುದು ಅವಳ ಕೆಲಸ. ಗೆರೆ ತಪ್ಪಿದರೆ ಎಂಬತ್ತು ಅಂಗಿ ಹಾಳು. ಆದ್ದರಿಂದ ಗೆರೆ ತಪ್ಪುವುದನ್ನು ಅವಳು ಸಹಿಸುತ್ತಿರಲಿಲ್ಲ.

ಮನೆಯಲ್ಲಿ ಗೆರೆಯೇ ಇರಲಿಲ್ಲ.

ಗಂಡ ನಲ್ಲಿ ತಿರುಗಿಸಿದರೆ ನಿಲ್ಲಿಸುತ್ತಿರಲಿಲ್ಲ. ಕಪಾಟು ತೆರೆದರೆ ಮುಚ್ಚುತ್ತಿರಲಿಲ್ಲ. ಅದರ ಮೂಲೆ ಬಡಿದು ಅವಳ ಹುಬ್ಬು ಸೀಳಿ ಮೂರು ಹೊಲಿಗೆ ಬಿದ್ದವು. ಹಾಲಿನ ಪಾತ್ರೆಗಳು ತಿಂಗಳಿಗೊಂದರಂತೆ ಸೀದು ಕರಕಲಾಗಿ ಸತ್ತವು. ಅವನ ಪ್ಯಾಂಟಿನ ಜೇಬಿನಲ್ಲಿ ಉಳಿದ ತಿರುಪು ಮೊಳೆಗಳು ಬಟ್ಟೆ ಒಗೆಯುವ ಯಂತ್ರದ ಹೊಟ್ಟೆಯನ್ನು ಒಳಗಿಂದ ಹರಿದುಹಾಕಿದವು. ಟೀ ಲೋಟ ಅವನು ಕುಡಿದ ಜಾಗದಲ್ಲೇ ಗೂಡು ಕಟ್ಟುತ್ತಿತ್ತು.

ಮೊದಮೊದಲು ಹೇಳಿ ನೋಡಿದಳು. ಆಮೇಲೆ ಚೀಟಿ ಬರೆದು ಅಂಟಿಸಿದಳು. ಚೀಟಿಗಳ ಮೇಲೆ ಅವನು ಸ್ಕ್ರೂಡ್ರೈವರ್ ಒರೆಸಿದ. ಬೈದಾಗ ತಪ್ಪಾಯಿತೆಂದು ತಲೆಬಾಗಿಸುತ್ತಿದ್ದ. ಆ ತಲೆಬಾಗಿಸುವಿಕೆಯೇ ಅವಳ ನೆತ್ತಿಗೆ ಬೆಂಕಿ ಹಚ್ಚುತ್ತಿತ್ತು. ಒಂದು ದಿನ ಅವಳು ಗೋಡೆಗೆಸೆದ ಗಾಜಿನ ಜಗ್ಗು ಪುಡಿಯಾಗಿ ಚೂರೊಂದು ಅವನ ಮುಂಗೈ ಕೊಯ್ದಿತು. ಅವನು ರಕ್ತ ತೊಳೆದುಕೊಂಡ. ನಲ್ಲಿ ನಿಲ್ಲಿಸಲಿಲ್ಲ.

ಕಡೆಗೆ ಅವಳು ಬೇರೊಂದು ದಾರಿ ಹಿಡಿದಳು. ಮನೆಗೆ ಕಾಲಿಟ್ಟೊಡನೆ ಬಾಯಿ ಮುಚ್ಚಿ ಕೈ ಬಿಚ್ಚುವುದು. ತೆರೆದದ್ದನ್ನು ಮುಚ್ಚುವುದು, ಹರಿಯುವುದನ್ನು ನಿಲ್ಲಿಸುವುದು, ಹೊರಗಿದ್ದದ್ದನ್ನು ಒಳಗಿಡುವುದು. ದಿನಕ್ಕೆ ಹದಿನಾಲ್ಕು, ಹದಿನೈದು ಸಲ. ಯೋಚಿಸುವ ಅಗತ್ಯವೂ ಇರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು.

ಆದರೆ ಕೈಗೆ ಅಭ್ಯಾಸವಾದದ್ದು ಎದೆಗೆ ಆಗಲಿಲ್ಲ. ಇದೇ ಮನುಷ್ಯ ಲಿಫ್ಟಿನ ಹೊಂಡದಲ್ಲಿ ಹನ್ನೆರಡು ವರ್ಷದಿಂದ ಒಂದು ನಟ್ಟನ್ನೂ ಮರೆತವನಲ್ಲ. ಅಲ್ಲಿ ಮರೆಯದವನು ಇಲ್ಲಿ ಮರೆಯುತ್ತಾನೆಂದರೆ ಅರ್ಥವೇನು...? ‘ಆ ಕಬ್ಬಿಣದ ಪೆಟ್ಟಿಗೆಗಿರೋ ಬೆಲೆ ನನಗಿಲ್ಲ.’ ಅವಳ ಲೆಕ್ಕ ಪ್ರತಿದಿನ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಮದುವೆಯಾಗಿ ಮೂರು ವರ್ಷ ನಾಲ್ಕು ತಿಂಗಳಾದ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಉಸಿರುಗಟ್ಟಿಸುವಂತೆ ತುಂಬಿತ್ತು. ಒಲೆಯ ಗುಂಡಿ ತೆರೆದಿತ್ತು, ಉರಿ ಇರಲಿಲ್ಲ. ಬೆಂಕಿಪೆಟ್ಟಿಗೆ ಅವಳ ಕೈಯಲ್ಲೇ ಇತ್ತು. ಒಂದು ಕಡ್ಡಿ ಗೀರಿದ್ದರೆ ಗೋಡೆಗಳೂ ಉಳಿಯುತ್ತಿರಲಿಲ್ಲ.

ಗುಂಡಿ ತಿರುಗಿಸಿ, ಕಿಟಕಿ ತೆರೆದು, ಕಬ್ಬಿಣದ ಬಾಣಲೆಯನ್ನೆತ್ತಿ ನೆಲಕ್ಕೆ ಅಪ್ಪಳಿಸಿದಳು. ಹಾಸುಗಲ್ಲು ಬಿರಿಯಿತು. ಸ್ನಾನಕ್ಕೆಂದು ಟವಲು ಹೆಗಲಿಗೆ ಹಾಕಿಕೊಂಡಿದ್ದ ಗಂಡ ಓಡಿಬಂದ.

“ಸಂಜೆ ನಾನು ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ.”

ಅವನ ಮುಖ ಸುಣ್ಣದಂತಾಯಿತು. ತುಂಬ ಹೊತ್ತು ಯೋಚಿಸಿ, ಅತ್ಯಂತ ಪ್ರಾಮಾಣಿಕವಾಗಿ ಕೇಳಿದ:

“ಗೀಸರ್ ಇನ್ನೂ ಸರಿ ಮಾಡಿಲ್ಲ ಅಂತಾನಾ?”

ಬಚ್ಚಲುಮನೆಯ ಗೀಸರ್ ಕೆಟ್ಟು ನಲವತ್ತು ದಿನವಾಗಿತ್ತು, ನಿಜ. ಅವಳು ಚಪ್ಪಲಿ ಮೆಟ್ಟಿದಳು. ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡು ಹೋದಳೆಂದರೆ ಚೌಕಟ್ಟಿನ ಗಾರೆ ಉದುರಿತು.

ಕಾರ್ಖಾನೆಯಲ್ಲಿ ಅವಳ ಗಮನ ಗೆರೆಯ ಮೇಲಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕತ್ತಿ ಗೆರೆ ಬಿಟ್ಟು ಅರ್ಧ ಅಂಗುಲ ಒಳಗೆ ನುಗ್ಗಿತು. ಎಂಬತ್ತು ತೋಳುಗಳು ಒಮ್ಮೆಗೇ ಮೊಟಕಾದವು. ಗವಸಿನ ಉಕ್ಕಿಗೆ ಕತ್ತಿ ತಾಗಿ ಕಿಡಿ ಹಾರಿತು. ಮೇಲ್ವಿಚಾರಕ ಬಟ್ಟೆಯನ್ನೂ ನೋಡಿದ, ಅವಳ ಮುಖವನ್ನೂ ನೋಡಿದ. ಬೆರಳು ಹತ್ತೂ ಇರುವಾಗಲೇ ಮನೆಗೆ ನಡಿ ಮಾಸ್ಟರಮ್ಮ, ಎಂದು ಕಳಿಸಿಬಿಟ್ಟ. ಆರಕ್ಕೆ ಮನೆ ಸೇರಬೇಕಿದ್ದವಳು ಎರಡೂವರೆಗೆ, ಬಾಗಿಲೆಳೆದರೆ ತಾನಾಗಿ ಬೀಳುವ ಬೀಗವನ್ನು ತನ್ನ ಕೀಲಿಯಿಂದ ತೆಗೆದಳು.

ಸ್ವಿಚ್ ಒತ್ತಿದಳು, ಫ್ಯಾನು ತಿರುಗಲಿಲ್ಲ. ಒಂದು ಹೆಜ್ಜೆ ಇಟ್ಟಳು. ನಡುಮನೆಯ ದಾರಿಯಲ್ಲೇ ಬಿಟ್ಟಿದ್ದ, ಮನೆಯಲ್ಲಿಡುವ ಹಳೆಯ ಉಪಕರಣಗಳ ಚೀಲಕ್ಕೆ ಎಡವಿ ಮೊಣಕಾಲೂರಿ ಬಿದ್ದಳು. ತಲೆಯೆತ್ತಿದಾಗ ಗೋಡೆಯ ಬೋರ್ಡು ಕಾಣಿಸಿತು. ಅದರ ಮೇಲೆ ಅರ್ಧ ಕುಡಿದ ಟೀ ಲೋಟ. ಲೋಟದ ಪಕ್ಕದಲ್ಲಿ ಕಿತ್ತಿಟ್ಟ ಫ್ಯೂಸ್.

ಗಂಡ ಮನೆಯೊಳಗೇ ಏನೋ ರಿಪೇರಿ ಮಾಡುತ್ತಿದ್ದಾನೆ ಎಂಬ ಅನುಮಾನ ಅವಳಿಗೆ ಬರಲಿಲ್ಲ. ಬರದಿದ್ದುದಕ್ಕೆ ಕಾರಣವೂ ಅವನ ಮೇಲಿದ್ದ ನಂಬಿಕೆಯೇ. ಅವನು ಯಂತ್ರಕ್ಕೆ ಕೈಹಾಕಿದ್ದರೆ ಫ್ಯೂಸ್ ಅವನ ಜೇಬಿನಲ್ಲಿರುತ್ತದೆ. ಫ್ಯೂಸ್ ಇಲ್ಲಿದೆ. ಆದ್ದರಿಂದ ಅವನು ಯಾವುದಕ್ಕೂ ಕೈಹಾಕಿಲ್ಲ; ಬೆಳಿಗ್ಗೆ ಏನಕ್ಕೋ ಕಿತ್ತು, ಎಂದಿನಂತೆ ಮರೆತು ಹೋಗಿದ್ದಾನೆ.

ಹೊರಗಿದ್ದದ್ದನ್ನು ಒಳಗಿಡುವುದು ಅವಳ ಕೈಯ ಅಭ್ಯಾಸ. ಕೈ ಹೋಯಿತು. ಹಲ್ಲು ಕಚ್ಚಿ ಫ್ಯೂಸನ್ನು ಅದರ ಗೂಡಿಗೆ ಗುದ್ದಿದಳು.

ಬಚ್ಚಲುಮನೆಯಿಂದ ಪ್ರಾಣಿಯ ಕೂಗಿನಂಥ ಒಂದು ಸದ್ದು ಬಂತು. ಅದರ ಬೆನ್ನಿಗೇ ಭಾರವಾದದ್ದೇನೋ ಬಾಗಿಲಿಗೆ ಅಪ್ಪಳಿಸಿತು. ಆಮೇಲೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ.

ಒಂದು ಕ್ಷಣ... ಒಂದೇ ಕ್ಷಣ ಅವಳು ಕಲ್ಲಾದಳು. ಮರುಕ್ಷಣ ಫ್ಯೂಸನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದು ಓಡಿದಳು.

ಬಾಗಿಲು ಒಳಕ್ಕೆ ಸರಿಯಲಿಲ್ಲ. ಅವನ ಮೈ ಅಡ್ಡಬಿದ್ದಿತ್ತು. ಭುಜದಿಂದ ಗುದ್ದಿದಳು. ಚೀಲದಿಂದ ಸುತ್ತಿಗೆ ತಂದು ಬಾಗಿಲಿನ ಮೇಲ್ಭಾಗದ ಹಲಗೆಯನ್ನು ಒಡೆದಳು. ಸೀಳುಗಳ ನಡುವೆ ತೂರುವಾಗ ಮೊಳಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿಯಿತು. ಅವಳಿಗೆ ಅದು ಗೊತ್ತಾಗಲಿಲ್ಲ.

ಗೀಸರ್ ಮುಚ್ಚಳ ಬಿಚ್ಚಿ, ತಂತಿಗಳು ಕರುಳಿನಂತೆ ಹೊರಬಿದ್ದಿದ್ದವು. ಅವನು ಬರೀ ಬನಿಯನ್, ಲುಂಗಿಯಲ್ಲಿ ಬಿದ್ದಿದ್ದ. ಹಣೆ ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು. ಬೆರಳುಗಳು ಸುಟ್ಟಿದ್ದವು. ಉಸಿರಿರಲಿಲ್ಲ.

ಎದೆ ಒತ್ತುವುದನ್ನು ಕಾರ್ಖಾನೆಯಲ್ಲಿ ಕಲಿಸಿದ್ದರು. ಮೂವತ್ತು ಸಲ ಒತ್ತಬೇಕು, ಎರಡು ಸಲ ಉಸಿರು ಊದಬೇಕು. ಅವಳು ಒತ್ತಲಿಲ್ಲ, ಜಜ್ಜಿದಳು. ಎಣಿಕೆಯ ನಡುವೆ, ಮದುವೆಯಾದಂದಿನಿಂದ ಮೊದಲ ಬಾರಿಗೆ, ಅವನನ್ನು ಏಕವಚನದಲ್ಲಿ ಬೈದಳು.

“ಹನ್ನೊಂದು... ಹನ್ನೆರಡು... ಎಲ್ಲಾ ಮರೀತೀಯಲ್ಲ, ಉಸಿರಾಡೋದನ್ನೂ ಮರೀತೀಯಾ ಪಾಪಿ... ಹದಿನೈದು...”

ಕೈಯ ಕೆಳಗೆ ಏನೋ ಲಟಕ್ಕೆಂದಿತು. ಅವಳು ನಿಲ್ಲಿಸಲಿಲ್ಲ. ಮೂರನೆಯ ಸುತ್ತಿನ ಇಪ್ಪತ್ತೆರಡಕ್ಕೆ ಅವನು ಕೆಮ್ಮಿದ.

ಸದ್ದು ಕೇಳಿ ಮೇಲೆ ಬಂದಿದ್ದ ಕೆಳಮನೆಯಾಕೆ ಆಂಬುಲೆನ್ಸ್ ಕರೆಸಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು ಲೆಕ್ಕ ಒಪ್ಪಿಸಿದರು: ಹಣೆಗೆ ಒಂಬತ್ತು ಹೊಲಿಗೆ, ಬಲಗೈಯ ಮೂರು ಬೆರಳಿಗೆ ಸುಟ್ಟಗಾಯ, ಮುರಿದ ಪಕ್ಕೆಲುಬು ಎರಡು. ಪಕ್ಕೆಲುಬು ಮುರಿದದ್ದು ಕರೆಂಟಿನಿಂದಲ್ಲ, ನಿಮ್ಮ ಕೈಯಿಂದ. ಮುರಿಯದಿದ್ದರೆ ಇವರು ಉಳಿಯುತ್ತಿರಲಿಲ್ಲ, ಎಂದರು.

ಮೂರನೆಯ ದಿನ ಬೆಳಿಗ್ಗೆ ಅವನು ಸರಿಯಾಗಿ ಮಾತನಾಡಿದ. ಅಂದಿನ ಮಧ್ಯಾಹ್ನದ ಅರ್ಧ ಗಂಟೆ ಅವನ ನೆನಪಿನಿಂದ ಅಳಿಸಿಹೋಗಿತ್ತು. ಹೆಂಡತಿ ಸಂಜೆ ಬಂದು ಬಟ್ಟೆ ಜೋಡಿಸಿಕೊಳ್ಳುವಷ್ಟರಲ್ಲಿ ಬಿಸಿನೀರು ಬರಬೇಕೆಂದು ಅರ್ಧ ದಿನ ರಜೆ ಹಾಕಿ ಬಂದದ್ದು ನೆನಪಿತ್ತು. ಟೀ ಮಾಡಿಕೊಂಡದ್ದು ನೆನಪಿತ್ತು. ಅಲ್ಲಿಂದ ಮುಂದೆ ಕತ್ತಲೆ.

ಉಳಿದದ್ದನ್ನು ಅವನೇ ತರ್ಕಿಸಿಕೊಂಡಿದ್ದ.

“ಫ್ಯೂಸ್ ತೆಗೆಯೋದನ್ನೇ ಮರೆತಿದ್ದೀನಿ. ಮನೇಲಿ ಮರೆತವನು ನಾಳೆ ಲಿಫ್ಟಲ್ಲೂ ಮರೀತೀನಿ. ಒಳಗೆ ಜನ ಇರ್ತಾರೆ. ಇನ್ನು ಆ ಕೆಲಸ ಬೇಡ. ನಮ್ಮ ಕೆಲಸದ ಮೇಸ್ತ್ರಿ ನೋಡೋಕೆ ಬಂದ್ರೆ ಹೇಳಿಬಿಡ್ತೀನಿ.”

 ಅವಳು ಹೊರಗೆ ಬಂದು, ಅಲ್ಲಿ ಕಾದಿದ್ದ ಅಕ್ಕನಿಗೆ ಮಾತ್ರ ನಡೆದದ್ದನ್ನು ಹೇಳಿದಳು. ಅಕ್ಕ ಗಾಬರಿಯಾಗಿ ಅತ್ತಿತ್ತ ನೋಡಿದಳು. ಯಾರ ಮುಂದೆಯೂ ಬಾಯಿಬಿಡಬೇಡ, ಅವನಿಗೇ ನೆನಪಿಲ್ಲ, ಮರೆಯುವವನೆಂದು ಊರಿಗೆಲ್ಲ ಗೊತ್ತು, ಇದೊಂದು ಮರೆವನ್ನೂ ಅವನ ತಲೆಗೇ ಕಟ್ಟಿಬಿಡು, ಎಂದು ಬುದ್ಧಿ ಹೇಳಿದಳು.

ಸುಲಭದ ದಾರಿ ಅದೇ. ಗಂಡನನ್ನು ಕೊಲ್ಲಲು ಹೋದವಳೆಂದು ಗಂಡನೇ ತಿಳಿದರೆ ಗತಿಯೇನು? ಬೆಳಿಗ್ಗೆ ಬಿಟ್ಟುಹೋಗುತ್ತೇನೆಂದವಳು, ಮಧ್ಯಾಹ್ನ ಫ್ಯೂಸ್ ಹಾಕಿದವಳು... ಯಾರು ನಂಬುತ್ತಾರೆ? ಆದರೆ ಸುಮ್ಮನಿದ್ದರೆ ಅವನ ಹನ್ನೆರಡು ವರ್ಷದ ಕಸುಬು ಅವಳ ಬಾಯಿಯೊಳಗೇ ಸಾಯುತ್ತಿತ್ತು.

ಮಧ್ಯಾಹ್ನ ಮೇಸ್ತ್ರಿ ಬರುವುದರಲ್ಲಿದ್ದ. ಅವಳು ಒಳಗೆ ಬಂದು ಮಂಚದ ಕಾಲ ಬಳಿ ನಿಂತಳು. ಕುಳಿತುಕೊಳ್ಳಲಿಲ್ಲ.

“ನೀವು ಮರೆತಿರಲಿಲ್ಲ. ಫ್ಯೂಸ್ ತೆಗೆದು ಬೋರ್ಡಿನ ಮೇಲೆ ಇಟ್ಟಿದ್ರಿ. ಅದನ್ನ ಹಾಕಿದ್ದು ನಾನು.”

 ಅವಳು ಎಲ್ಲವನ್ನೂ ಹೇಳಿದಳು. ಎಡವಿದ್ದು, ಸಿಟ್ಟು, ಲೋಟ, ಜೇಬಿನ ಲೆಕ್ಕ, ಗುದ್ದಿದ್ದು. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ಬಣ್ಣ ಹಚ್ಚಲಿಲ್ಲ.

ಅವನ ಕಣ್ಣು ತುಂಬಿ, ಹಣೆಗೆ ಸುತ್ತಿದ್ದ ಪಟ್ಟಿಯ ಅಂಚು ಒದ್ದೆಯಾಯಿತು.

“ತೆಗೆದಿದ್ದೆನಾ?”

“ತೆಗೆದಿದ್ರಿ.”

“ನೀನೇ ನೋಡಿದ್ಯಾ?”

“ಈ ಕೈಯಲ್ಲಿ ಹಿಡಿದಿದ್ದೀನಿ.”

ಅವನು ನಗಲು ಹೋಗಿ, ಪಕ್ಕೆ ಚುಚ್ಚಿ, ನರಳಿದ. ಅವಳು ಬೈಗುಳಕ್ಕಾಗಿ ಕಾದಿದ್ದಳು. ಅವನ ಮುಖದಲ್ಲಿದ್ದುದು ಬಿಡುಗಡೆ. ಜೇಬಿಗೇಕೆ ಹಾಕಿಕೊಳ್ಳಲಿಲ್ಲ ಎಂದು ತನ್ನನ್ನೇ ಕೇಳಿಕೊಂಡ. ಆಮೇಲೆ ಮೆಲ್ಲಗೆ, ಬನಿಯನ್ನಿಗೆ ಜೇಬಿರುವುದಿಲ್ಲವಲ್ಲ, ಎಂದ.

“ಲಿಫ್ಟಿನ ಕೆಲಸದಲ್ಲಾದರೆ ಅಂಗಿ ತೆಗೀತಿರಲಿಲ್ಲ. ಮನೆ ಅಂತ ತೆಗೆದೆ. ಅಲ್ಲಿ ದಿನಕ್ಕೆ ಹತ್ತು ಗಂಟೆ ಹೆದರಿಕೊಂಡೇ ಇರ್ತೀನಿ. ಮನೆ ಹೊಸ್ತಿಲು ದಾಟಿದ ಕೂಡಲೇ ಹೆದರಿಕೆ ಕಳಚಿ ಬೀಳುತ್ತೆ. ಅದರ ಜೊತೆ ತಲೆಯಲ್ಲಿರೋದೆಲ್ಲ ಬಿದ್ದುಹೋಗುತ್ತೆ. ನೀನಿದ್ದೀಯಲ್ಲ ಅಂತ.”

“ನಾನಿದ್ದೆ ಅಂತಲೇ ಸಾಯ್ತಿದ್ರಿ. ಅವತ್ತು ಬೆಳಿಗ್ಗೆ ಗ್ಯಾಸಲ್ಲಿ ನಾನೂ ಸಾಯ್ತಿದ್ದೆ.”

“ಹೌದು.”

“ಎಲ್ಲಾ ಬೇಡ. ಒಲೆ, ಕರೆಂಟು. ಇವೆರಡಕ್ಕೆ ಮನೇಲೂ ಹೆದರಿ.”

“ಹೆದರ್ತೀನಿ.”

“ಲೋಟ ಎಲ್ಲಾದ್ರೂ ಬಿಟ್ಕೊಳ್ಳಿ.”

ಮೇಸ್ತ್ರಿ ಬಂದ. ಗಂಡ ಕೆಲಸ ಬಿಡುವ ಮಾತೆತ್ತಲಿಲ್ಲ. ಎಷ್ಟು ದಿನಕ್ಕೆ ಹಿಂದಿರುಗಬಹುದೆಂದು ಮಾತ್ರ ಕೇಳಿದ. ಮೇಸ್ತ್ರಿ ಹೋದ ಮೇಲೆ ನರ್ಸ್ ಬಂದು ನೋವಿಗೆ ಇಂಜೆಕ್ಷನ್ ಕೊಟ್ಟಳು. ಅವನ ರೆಪ್ಪೆ ಭಾರವಾಗತೊಡಗಿತು.

“ಅಕ್ಕನ ಮನೆಗೆ ಹೋಗ್ತೀಯಾ?”

“ಇಲ್ಲ.”

“ಯಾಕೆ?”

“ಅಲ್ಲಿ ಎಲ್ಲಾ ಅದರದರ ಜಾಗದಲ್ಲೇ ಇರುತ್ತೆ. ನನ್ನ ಕೈಗೆ ಕೆಲಸ ಇರಲ್ಲ.”

ಅವನು ಸುಡದ ಎಡಗೈಯನ್ನು ಚಾಚಿದ. ಅವಳು ಹಿಡಿದುಕೊಂಡಳು. ಅವನು ಹುಬ್ಬು ಗಂಟಿಕ್ಕಿ, ಏನನ್ನೋ ಹುಡುಕುವವನಂತೆ ಕೇಳಿದ:

“ನೀನಂದ್ರೆ ನನಗೆ ಎಷ್ಟು ಇಷ್ಟ ಅಂತ ನಿನಗೆ ಹೇಳಿದ್ದೀನಿ ಅಲ್ವಾ?”

“ಇಲ್ಲ. ಒಂದು ಸಲವೂ ಇಲ್ಲ.”

“ಹೇಳಿದ್ದೆ ಅಂದ್ಕೊಂಡಿದ್ದೆ...”

“ಈಗ ಹೇಳಿ.”

ಅವನು ಹೇಳಲೆಂದೇ ಬಾಯಿ ತೆರೆದ. ಅಷ್ಟರಲ್ಲಿ ಔಷಧ ಅವನನ್ನು ಎಳೆದುಕೊಂಡು ಹೋಯಿತು. ಕೈ ಮಾತ್ರ ಅವಳ ಕೈಯಲ್ಲೇ ಉಳಿಯಿತು.

ಅವಳು ಕಾಲಿನಿಂದ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಬಾಕಿಯ ವಸೂಲಿಗೆ ಕುಳಿತಳು.